ಮಲೆನಾಡಿನ ಮನೆಯಲ್ಲಿ ಮ್ಯಾಂಟಿಸ್ ಸೀಗಡಿ: ಗುದ್ದು, ಬಿಲ, ಉಪ್ಪುನೀರು, ಮೈಲುತುತ್ತು

ಸಮುದ್ರದ ಬೇಟೆಗಾರ ಮ್ಯಾಂಟಿಸ್ ಸೀಗಡಿಯನ್ನು ಮನೆಯ ಟ್ಯಾಂಕಿನಲ್ಲಿ ಸಾಕುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: "ಅದು ಗಾಜು ಒಡೆಯುತ್ತಂತೆ, ಹೌದಾ?" ಹೌದು, ಒಡೆದದ್ದುಂಟು. 1998ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಊರಿನ ಸೀ ಲೈಫ್ ಅಕ್ವೇರಿಯಂ ಕೇಂದ್ರದಲ್ಲಿ ಟೈಸನ್ ಎಂದು ಹೆಸರಿಟ್ಟಿದ್ದ ಒಂದು ಮ್ಯಾಂಟಿಸ್ ಸೀಗಡಿ ಸುಮಾರು 6 ಮಿಲಿಮೀಟರ್ ದಪ್ಪದ ಗಾಜನ್ನು ಗುದ್ದಿ ಒಡೆದದ್ದು ಸುದ್ದಿಯಾಗಿತ್ತು. ಆದರೆ ಅಂಥದ್ದು ಅಪರೂಪ. ಮನೆಗಳಲ್ಲಿ ಈ ಜೀವ ಸಾಯುವುದು ಹೆಚ್ಚಾಗಿ ನೀರಿನ ದೆಸೆಯಿಂದ. ಉಪ್ಪು ಏರುಪೇರಾಗುತ್ತದೆ, ಅಮೋನಿಯಾ ಏರುತ್ತದೆ, ಚಳಿ ತಾಗುತ್ತದೆ, ಕರೆಂಟ್ ಹೋಗುತ್ತದೆ, ಎಲ್ಲಿಂದಲೋ ತಾಮ್ರ ಸೇರುತ್ತದೆ. ಹಾಸನ, ಚಿಕ್ಕಮಗಳೂರು ಕಡೆ ಈ ಐದೂ ಅಪಾಯ ಮನೆಬಾಗಿಲಲ್ಲೇ ಇವೆ.

ಹಾಗಂತ ಇಲ್ಲಿ ಸಾಕಲಿಕ್ಕೆ ಆಗುವುದೇ ಇಲ್ಲ ಅಂತ ಅಲ್ಲ. ನಮ್ಮ ಹವೆ, ನಮ್ಮ ನೀರು, ನಮ್ಮ ಕರೆಂಟು ನೋಡಿಕೊಂಡು ಟ್ಯಾಂಕ್ ಕಟ್ಟಬೇಕು, ಅಷ್ಟೇ. ಬೆಂಗಳೂರಿನವರು ಮಾಡಿದ್ದನ್ನು ಹಾಗೇ ಇಲ್ಲಿ ಮಾಡಿದರೆ ಕೆಲಸ ಕೆಡುತ್ತದೆ.

ಗುದ್ದುವವು, ಚುಚ್ಚುವವು

ಇದು ಏಡಿ, ಸೀಗಡಿಗಳ ದೂರದ ಸಂಬಂಧಿ. ಸ್ಟೊಮ್ಯಾಟೊಪೋಡ ಎಂಬ ಬೇರೆಯೇ ಗುಂಪಿಗೆ ಸೇರಿದ್ದು. ಈ ಗುಂಪಿನಲ್ಲಿ 450ಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲವೂ ಬೇಟೆಯಾಡಿ ತಿನ್ನುವವು. ಎದೆಯ ಕೆಳಗೆ ಮಡಚಿಟ್ಟುಕೊಂಡ ಎರಡು ಮುಂಗಾಲುಗಳೇ ಇವುಗಳ ಆಯುಧ. ಆ ಕಾಲು ನೋಡಿ ಇವನ್ನು ಎರಡು ಬಗೆ ಮಾಡಬಹುದು. ಕೆಲವಕ್ಕೆ ಕಾಲಿನ ತುದಿಯ ಬುಡದಲ್ಲಿ ಗಟ್ಟಿ ಗುಬ್ಬಟೆ ಇರುತ್ತದೆ. ಇವು ಗುದ್ದುವವು. ಬಸವನಹುಳು, ಏಡಿ, ಚಿಪ್ಪುಗಳನ್ನು ಒಡೆದು ತಿನ್ನುತ್ತವೆ, ಕಲ್ಲಿನ ಸಂದಿಯಲ್ಲಿ ವಾಸ ಮಾಡುತ್ತವೆ. ಇನ್ನು ಕೆಲವಕ್ಕೆ ಕಾಲಿನ ತುದಿ ಮುಳ್ಳುಮುಳ್ಳಾಗಿ ಗರಗಸದ ಹಾಗೆ ಕಾಣುತ್ತದೆ. ಇವು ಚುಚ್ಚುವವು. ಮರಳು, ಕೆಸರಿನಲ್ಲಿ ಆಳದ ಬಿಲ ತೋಡಿ, ಹತ್ತಿರ ಸುಳಿದ ಮೀನನ್ನು ತಟ್ಟನೆ ಹಿಡಿಯುತ್ತವೆ.

ಮಂಗಳೂರಿನ ಟ್ರಾಲ್ ಬಲೆಗಳಿಗೆ ರಾಶಿಗಟ್ಟಲೆ ಬೀಳುವ ಒರಾಟೊಸ್ಕ್ವಿಲ್ಲಾ ನೇಪಾ ಈ ಎರಡನೇ ಬಗೆ. ಅದರಲ್ಲಿ ಬಹುಪಾಲು ಗೊಬ್ಬರಕ್ಕೋ ಮೀನಿನ ಪುಡಿಗೋ ಹೋಗುತ್ತದೆ. "ಘಟ್ಟ ಇಳಿದರೆ ಸುಮ್ನೆ ಸಿಗುತ್ತದಲ್ಲ, ಒಂದು ತಂದರಾಯಿತು" ಅಂತ ಅನ್ನಿಸಬಹುದು. ತರಬೇಡಿ. ಬಲೆಯಲ್ಲಿ ಗಂಟೆಗಟ್ಟಲೆ ಜಜ್ಜಿಸಿಕೊಂಡು ಬಂದ ಪ್ರಾಣಿ ಬದುಕುವುದು ಕಷ್ಟ. ಬದುಕಿದರೂ ಅದಕ್ಕೆ ಆಳವಾದ ಕೆಸರುಮರಳಿನ ತಳ ಬೇಕು. ಮನೆ ಟ್ಯಾಂಕಿನಲ್ಲಿ ಅಷ್ಟು ಆಳದ ತಳ ಕೊಡುವುದು ಸುಲಭವಲ್ಲ.

ಮನೆಗೆ ಒಪ್ಪುವುದು ಗುದ್ದುವ ಬಗೆ. ಚಿತ್ರಗಳಲ್ಲಿ ಎಲ್ಲರೂ ನೋಡಿರುವ ನವಿಲುಬಣ್ಣದ ಮ್ಯಾಂಟಿಸ್, ಅಂದರೆ ಒಡೊಂಟೊಡ್ಯಾಕ್ಟೈಲಸ್ ಸಿಲ್ಲಾರಸ್, ಈ ಬಗೆಯದೇ. ಹಸಿರು ಮೈ, ಕೆಂಪು ಕಾಲು, ನೀಲಿ ಕಣ್ಣು. 18 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಗೊನೊಡ್ಯಾಕ್ಟೈಲಸ್ ಜಾತಿಯವು ಇದಕ್ಕಿಂತ ಸಾಕಷ್ಟು ಚಿಕ್ಕವು. ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಚಿಕ್ಕದನ್ನೇ. ಬಣ್ಣ ಸ್ವಲ್ಪ ಕಡಿಮೆ ಇರಬಹುದು, ಆದರೆ ಗತ್ತು ಅಷ್ಟೇ ಇರುತ್ತದೆ. ನವಿಲುಬಣ್ಣದ್ದಕ್ಕಿಂತ ಗಟ್ಟಿಜೀವವೂ ಹೌದು.

ಆ ಗುದ್ದಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶೀಲಾ ಪಾಟೆಕ್ ಮತ್ತು ಜೊತೆಯವರು 2004ರಲ್ಲಿ ಅತಿವೇಗದ ಕ್ಯಾಮೆರಾ ಇಟ್ಟು ಇದನ್ನು ಅಳೆದರು. ಕಾಲು ಸೆಕೆಂಡಿಗೆ 23 ಮೀಟರ್‌ವರೆಗಿನ ವೇಗದಲ್ಲಿ ಬರುತ್ತದೆ, ಗಂಟೆಗೆ 80 ಕಿಲೋಮೀಟರಿಗೂ ಜಾಸ್ತಿ ಆಯಿತು. ಅದೂ ನೀರಿನೊಳಗೆ! ಬರೀ ಸ್ನಾಯುವಿನಿಂದ ಇಷ್ಟು ವೇಗ ಬರುವುದಿಲ್ಲ. ಕಾಲಿನ ಬುಡದಲ್ಲಿ ಕುದುರೆ ಜೀನಿನ ಆಕಾರದ ಒಂದು ಸ್ಪ್ರಿಂಗ್ ಇದೆ. ಸ್ನಾಯು ಅದನ್ನು ನಿಧಾನಕ್ಕೆ ಬಿಗಿಯುತ್ತದೆ, ಒಂದು ಚಿಲಕ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಿಲಕ ಬಿಟ್ಟಾಗ ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಗೇ ಸಿಡಿಯುತ್ತದೆ. ಪೆಟ್ಟಿನ ಬಲ 1,500 ನ್ಯೂಟನ್‌ವರೆಗೆ ದಾಖಲಾಗಿದೆ. ಸುಮಾರು 150 ಕಿಲೋ ಭಾರ ಒತ್ತಿದಷ್ಟು ಬಲ ಅದು. ಅಲ್ಲಿಗೇ ಮುಗಿಯಲಿಲ್ಲ. ಕಾಲು ಅಷ್ಟು ಬಿರುಸಾಗಿ ಹೋದಾಗ ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಅರ್ಧ ಮಿಲಿಸೆಕೆಂಡಿನ ಒಳಗೆ ಅವು ಒಡೆದು ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಕೊಡುತ್ತವೆ. ಒಂದು ಏಟಿಗೆ ಎರಡು ಗುದ್ದು!

ಈಗ ಗಾಜಿನ ಮಾತು. 5 ಸೆಂಟಿಮೀಟರಿನ ಚಿಕ್ಕ ಜಾತಿಗೆ ಸಾಮಾನ್ಯ ಗಾಜಿನ ಟ್ಯಾಂಕ್ ಸಾಕು. ನವಿಲುಬಣ್ಣದ್ದಕ್ಕೆ ಅಕ್ರಿಲಿಕ್ ಟ್ಯಾಂಕ್ ಒಳ್ಳೆಯದು. ಗಾಜಿನದೇ ಆದರೆ 10-12 ಮಿಲಿಮೀಟರ್ ದಪ್ಪದ್ದು ಇರಲಿ. ಎದುರಿನ ಗಾಜಿಗಿಂತ ತಳದ ಗಾಜಿಗೇ ಅಪಾಯ ಜಾಸ್ತಿ, ಯಾಕೆಂದರೆ ಇದು ಬಿಲ ತೋಡುತ್ತಾ ತೋಡುತ್ತಾ ತಳ ಮುಟ್ಟಿ ಅಲ್ಲಿ ಗುದ್ದುತ್ತದೆ. ಹಾಗಾಗಿ ಮರಳು ಹಾಕುವ ಮೊದಲೇ ತಳಕ್ಕೆ ಒಂದು ಅಕ್ರಿಲಿಕ್ ಶೀಟ್ ಹಾಸಿ. ಆಮೇಲೆ ಹಾಸಬೇಕು ಅಂದರೆ ಎಲ್ಲ ಕಿತ್ತು ಹೊರಗೆ ಹಾಕಬೇಕಾಗುತ್ತದೆ.

ಇದು ಒಂಟಿ ಜೀವ. ಜೊತೆಗೆ ಬಣ್ಣದ ಮೀನು ಬಿಡುವ ಆಸೆ ಬೇಡ, ಇನ್ನೊಂದು ಮ್ಯಾಂಟಿಸ್ ಅಂತೂ ಬೇಡವೇ ಬೇಡ. ಇವತ್ತಲ್ಲ ನಾಳೆ ಜೊತೆಗೆ ಬಿಟ್ಟದ್ದು ಊಟವಾಗುತ್ತದೆ.

ಬಿಲ ಮೊದಲು, ಅಲಂಕಾರ ಆಮೇಲೆ

ನವಿಲುಬಣ್ಣದ್ದಕ್ಕೆ 150 ಲೀಟರ್ ಬೇಕು. ಚಿಕ್ಕ ಜಾತಿಗೆ 40 ಲೀಟರ್ ಸಾಕು ಅನ್ನುತ್ತಾರೆ. ನಾನಾದರೆ 60 ಲೀಟರ್ ಇಡುತ್ತೇನೆ. ನೀರು ಜಾಸ್ತಿ ಇದ್ದಷ್ಟೂ ಉಪ್ಪು, ಬಿಸಿ ಎರಡೂ ನಿಧಾನವಾಗಿ ಬದಲಾಗುತ್ತವೆ, ನಮ್ಮ ಕೈಗೆ ಸಿಗುತ್ತವೆ. ಇಡುವ ಜಾಗವನ್ನೂ ಯೋಚಿಸಿ. 150 ಲೀಟರ್ ನೀರೇ 150 ಕಿಲೋ ದಾಟುತ್ತದೆ. ಗಾಜು, ಕಲ್ಲು, ಮರಳು ಸೇರಿದರೆ 200 ಮೀರುತ್ತದೆ. ಹಳೇ ಹೆಂಚಿನ ಮನೆಯ ಮರದ ಅಟ್ಟದ ಮೇಲೆ ಇದನ್ನು ಇಡುವಂತಿಲ್ಲ. ನೆಲದ ಮೇಲೆ, ಕಬ್ಬಿಣದ ಸ್ಟ್ಯಾಂಡಿನಲ್ಲಿ, ಕಿಟಕಿಯ ನೇರ ಬಿಸಿಲು ಬೀಳದ ಕಡೆ ಇರಲಿ.

ಈ ಪ್ರಾಣಿಗೆ ಟ್ಯಾಂಕ್ ಅನ್ನುವುದು ಅಂಗಳ, ಬಿಲವೇ ಮನೆ. ಬಿಲ ಸರಿಯಿಲ್ಲದಿದ್ದರೆ ಅದು ಮೂಲೆಯಲ್ಲಿ ಮುದುಡಿ ಕೂರುತ್ತದೆ, ತಿನ್ನುವುದಿಲ್ಲ, ಹಗಲೆಲ್ಲ ಗಾಜು ಕೆರೆಯುತ್ತದೆ. ಒಳ್ಳೆಯ ಬಿಲ ಮಾಡಲು ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪು, ಎಲ್ಬೋ ಸಾಕು. ಪ್ರಾಣಿಯ ಮೈಗಿಂತ ಸ್ವಲ್ಪ ಅಗಲ ಇರಬೇಕು. ಒಳಗೇ ಪಲ್ಟಿ ಹೊಡೆದು ತಿರುಗಲಿಕ್ಕೆ ಆಗಬೇಕು, ಆದರೆ ಮೈಗೆ ಗೋಡೆ ತಾಗುತ್ತಿರಬೇಕು. 10-12 ಸೆಂಟಿಮೀಟರಿನ ನವಿಲುಬಣ್ಣದ್ದಕ್ಕೆ 40 ಅಥವಾ 50 ಮಿಲಿಮೀಟರ್ ಪೈಪು, ಚಿಕ್ಕ ಜಾತಿಗೆ 20 ಅಥವಾ 25ರದ್ದು. ಉದ್ದ ಅದರ ಮೈಯ ಮೂರು ನಾಲ್ಕು ಪಟ್ಟು ಇರಲಿ. ಎರಡು ಬಾಯಿ ಇರುವಂತೆ ಬಗ್ಗಿಸಿ ಜೋಡಿಸಿ, ಮರಳು ಕಲ್ಲುಗಳ ಕೆಳಗೆ ಹೂತುಬಿಡಿ. ಪೈಪು ಅಂಟಿಸುವ ಸಲ್ಯೂಷನ್ ಹಾಕಬೇಡಿ, ಒತ್ತಿ ಕೂರಿಸಿದರೆ ನಿಲ್ಲುತ್ತದೆ.

ಸುತ್ತ ಚೂರುಪಾರು ಸಾಮಗ್ರಿ ಹಾಕಿ. ಕಪ್ಪೆಚಿಪ್ಪಿನ ತುಂಡು, ಸಣ್ಣ ಕಲ್ಲು, ದಪ್ಪ ಮರಳು. ಇದು ಒಂದೊಂದೇ ಎತ್ತಿ ತಂದು ಬಾಗಿಲಿಗೆ ಜೋಡಿಸುತ್ತದೆ, ಮಾರನೇ ದಿನ ಇಷ್ಟವಾಗದೆ ಕಿತ್ತು ಮತ್ತೆ ಜೋಡಿಸುತ್ತದೆ. ನೋಡಲು ಇದರಷ್ಟು ಚೆಂದ ಇನ್ನೊಂದಿಲ್ಲ. ದೊಡ್ಡ ಕಲ್ಲುಗಳನ್ನು ಮಾತ್ರ ಮರಳಿನ ಮೇಲೆ ಇಡಬೇಡಿ. ತಳದ ಶೀಟಿನ ಮೇಲೇ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ. ಇಲ್ಲದಿದ್ದರೆ ಕೆಳಗೆ ತೋಡಿದಾಗ ಕಲ್ಲು ಕುಸಿದು ಪ್ರಾಣಿ ಅಪ್ಪಚ್ಚಿಯಾಗುತ್ತದೆ.

ಕಲ್ಲಿನ ವಿಷಯದಲ್ಲಿ ಕಾನೂನೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹವಳಗಳು ಸೇರಿವೆ. ನಮ್ಮ ಸಮುದ್ರದಿಂದ ಕಿತ್ತ ಹವಳದ ತುಂಡನ್ನು "ಲೈವ್ ರಾಕ್" ಅಂತ ಯಾರಾದರೂ ಕೊಡಲು ಬಂದರೆ ಕೊಳ್ಳಬೇಡಿ. ಅಕ್ವೇರಿಯಂಗೆಂದೇ ಮಾಡಿದ ಸೆರಾಮಿಕ್ ಕಲ್ಲುಗಳು ಸಿಗುತ್ತವೆ, ಅವೇ ಸಾಕು. ಹವಳದ ದಿಬ್ಬ ಹಾಳು ಮಾಡಿ ಹವಳದ ದಿಬ್ಬದ ಪ್ರಾಣಿ ಸಾಕುವುದರಲ್ಲಿ ಅರ್ಥವಿಲ್ಲ.

ಬೆಳಕು ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದು ಮಂದ ನೀಲಿ ಎಲ್‌ಇಡಿ ಸಾಕು. ಜೋರು ಬೆಳಕಿನಲ್ಲಿಟ್ಟ ನವಿಲುಬಣ್ಣದವಕ್ಕೆ ಚಿಪ್ಪಿನ ಮೇಲೆ ಕಂದು ಕಲೆ ಬಿದ್ದು ಕೊಳೆಯುವ ರೋಗ ಜಾಸ್ತಿ ಅನ್ನುವುದು ಬಹಳ ಕಾಲ ಸಾಕಿದವರ ಅನುಭವ. ಮೇಲೆ ಮುಚ್ಚಳ ಇರಲೇಬೇಕು.

ಘಟ್ಟದ ಮೇಲೆ ಸಮುದ್ರ ಮಾಡುವುದು

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ನಮ್ಮ ಅಡುಗೆ ಉಪ್ಪಿನ ಪಾಲು ಮುಕ್ಕಾಲು ಭಾಗದ ಆಸುಪಾಸು. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದವು. ಚಿಪ್ಪು ಕಟ್ಟುವ ಪ್ರಾಣಿಗೆ ಈ ಉಳಿದದ್ದೇ ಮುಖ್ಯ. ಲೀಟರಿಗೆ 400 ಮಿಲಿಗ್ರಾಂ ದಾಟಿ ಕ್ಯಾಲ್ಸಿಯಂ, 1,300 ಮಿಲಿಗ್ರಾಂ ಹತ್ತಿರ ಮೆಗ್ನೀಸಿಯಂ ಬೇಕು. ಹಾಗಾಗಿ ಕಲ್ಲುಪ್ಪು ಕರಗಿಸಿದರೆ ನಡೆಯುವುದಿಲ್ಲ. ಮೆರೀನ್ ಸಾಲ್ಟ್ ಮಿಕ್ಸ್ ಅಂತಲೇ ಕೇಳಿ ತರಬೇಕು. 150 ಲೀಟರಿಗೆ 5 ಕಿಲೋಗಿಂತ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಮಳೆಗಾಲದ ಥಂಡಿಗೆ ಇದು ಎರಡೇ ದಿನಕ್ಕೆ ಕಲ್ಲಾಗುತ್ತದೆ. ಬಿಗಿ ಮುಚ್ಚಳದ ಡಬ್ಬದಲ್ಲಿಡಿ.

ಉಪ್ಪನ್ನು ಯಾವತ್ತೂ ಟ್ಯಾಂಕಿಗೆ ನೇರ ಸುರಿಯಬಾರದು. ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಸಣ್ಣ ಪಂಪ್ ಹಾಕಿ ಒಂದು ರಾತ್ರಿ ತಿರುಗಲು ಬಿಡಿ. ಆಮೇಲೆ ಅಳೆಯಿರಿ. ಸಿಹಿನೀರಿನದು 1 ಅಂದುಕೊಂಡರೆ ಇದರ ಸಾಂದ್ರತೆ 1.024ರಿಂದ 1.026ರ ನಡುವೆ ಇರಬೇಕು. ಪಿಎಚ್ 8.1ರಿಂದ 8.4. ಉಪ್ಪು ಅಳೆಯಲು ರಿಫ್ರಾಕ್ಟೋಮೀಟರ್ ಒಂದು ಕೊಳ್ಳಿ. ಬೇರೆ ಎಲ್ಲಿ ಬೇಕಾದರೂ ದುಡ್ಡು ಉಳಿಸಿ, ಇದರಲ್ಲಿ ಬೇಡ.

ಒಂದು ವಿಷಯ ಬಹಳ ಜನ ತಪ್ಪಾಗಿ ತಿಳಿಯುತ್ತಾರೆ. ಟ್ಯಾಂಕಿನ ನೀರು ಆರಿದಾಗ ಉಪ್ಪು ಆರುವುದಿಲ್ಲ, ಒಳಗೇ ಉಳಿಯುತ್ತದೆ. ಮಟ್ಟ ಇಳಿಯಿತು ಅಂತ ಉಪ್ಪುನೀರು ಸೇರಿಸುತ್ತಾ ಹೋದರೆ ನೀರು ದಿನದಿನಕ್ಕೆ ಉಪ್ಪಾಗುತ್ತದೆ. ಆರಿದ ಜಾಗಕ್ಕೆ ಶುದ್ಧ ಸಿಹಿನೀರನ್ನೇ ಹಾಕಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ದಿನಕ್ಕೆ ಒಂದೆರಡು ಲೀಟರ್ ಆರಬಹುದು. ಜುಲೈಯಲ್ಲಿ ಗಾಳಿಯೇ ಒದ್ದೆ, ಅಷ್ಟು ಆರುವುದಿಲ್ಲ. ಗಾಜಿನ ಮೇಲೆ ಒಂದು ಗೆರೆ ಎಳೆದು ದಿನಾ ಆ ಗೆರೆಗೆ ತುಂಬಿಸಿ.

ಆ ಸಿಹಿನೀರು ಎಲ್ಲಿಂದ ತರುವುದು? ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರು ಗಡಸು, ಅದು ಬೇಡ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಆರ್‌ಒ ನೀರೇ ಆಗಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರಬಹುದು. ಆದರೆ ಪ್ರತಿ ಸಲ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಜಾಸ್ತಿ ತೋರಿಸಿದರೆ ಉಳಿದ ಲವಣ ಹೀರುವ ಡಿಐ ಕಾರ್ಟ್ರಿಜ್ ಮೂಲಕ ಇನ್ನೊಮ್ಮೆ ಹಾಯಿಸಿ. ಮನೆಯಲ್ಲಿ ಆರ್‌ಒ ಯಂತ್ರ ಇದ್ದರೆ ಅದರ ಮೇಲಿನ ಬರಹ ಓದಿ. ಈಗ ಬರುವ ಎಷ್ಟೋ ಯಂತ್ರಗಳಲ್ಲಿ ನೀರಿಗೆ ತಾಮ್ರ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ನಮಗೆ ಅದು ಒಳ್ಳೆಯದು ಅಂತ ಮಾರುತ್ತಾರೆ. ಮ್ಯಾಂಟಿಸ್‌ಗೆ ಅದು ವಿಷ.

ಈ ತಾಮ್ರದ ಕಥೆಯನ್ನು ನಮ್ಮ ಕಡೆಯವರು ಗಮನವಿಟ್ಟು ಕೇಳಬೇಕು. ಏಡಿ, ಸೀಗಡಿ, ಮ್ಯಾಂಟಿಸ್ ಎಲ್ಲದರ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರ ಇರುವ ಹಿಮೋಸಯಾನಿನ್. ಅಂದರೆ ತಾಮ್ರ ಒಂದಿಷ್ಟು ಬೇಕು, ಆಹಾರದಲ್ಲೇ ಅದು ಸಿಗುತ್ತದೆ. ನೀರಿನಲ್ಲಿ ಕರಗಿದ ತಾಮ್ರ ಜಾಸ್ತಿಯಾದರೆ ಮಾತ್ರ ಕಿವಿರು ಹಾಳಾಗಿ ಸಾಯುತ್ತವೆ. ಸಮುದ್ರದ ಮೀನಿಗೆ ಅಂಟುವ ಪರೋಪಜೀವಿ ಕೊಲ್ಲಲು ಬಳಸುವ ತಾಮ್ರದ ಮಟ್ಟ ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸು. ಮೀನು ಅದನ್ನು ತಡೆದುಕೊಳ್ಳುತ್ತದೆ, ಮ್ಯಾಂಟಿಸ್ ತಡೆಯುವುದಿಲ್ಲ.

ಈಗ ನಮ್ಮ ತೋಟಗಳನ್ನು ನೆನಪಿಸಿಕೊಳ್ಳಿ. ಮಳೆ ಹಿಡಿಯುವ ಮುಂಚೆ ಕಾಫಿಗೆ, ಅಡಿಕೆಗೆ, ಮೆಣಸಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಮೈಲುತುತ್ತಿನಲ್ಲಿ ಕಾಲು ಭಾಗ ತಾಮ್ರ. ಲೆಕ್ಕ ಹಾಕಿದರೆ ಆ ದ್ರಾವಣದ ಒಂದು ಮಿಲಿಲೀಟರಿನಲ್ಲಿ 2.5 ಮಿಲಿಗ್ರಾಂ ತಾಮ್ರ ಇದೆ. 100 ಲೀಟರ್ ಟ್ಯಾಂಕನ್ನು ಆ 0.2ರ ಮಟ್ಟಕ್ಕೆ ತರಲು 20 ಮಿಲಿಗ್ರಾಂ ಸಾಕು, ಅಂದರೆ ಬರೀ 8 ಮಿಲಿಲೀಟರ್ ದ್ರಾವಣ. ಸುಣ್ಣ ಬೆರೆತ ಕಾರಣ ಅದರ ತಾಮ್ರ ಎಲ್ಲವೂ ಒಮ್ಮೆಗೇ ಕರಗುವುದಿಲ್ಲ ನಿಜ. ಆದರೂ ಔಷಧಿ ಕಲಸಿದ ಬಕೆಟ್ಟಿನ ಗೋಡೆಗೆ ಅಂಟಿದ ನೀಲಿ ಪುಡಿಯಷ್ಟರಿಂದಲೇ ಅಪಾಯ ಅನ್ನುವುದು ಈ ಲೆಕ್ಕದಿಂದ ಗೊತ್ತಾಗುತ್ತದೆ, ಅಲ್ವಾ?

ಹಾಗಾಗಿ ತೋಟದ ಕೆಲಸದ ಬಕೆಟ್, ಡ್ರಮ್, ಪೈಪು, ಜಗ್ಗು ಯಾವುದೂ ಟ್ಯಾಂಕಿನ ಹತ್ತಿರ ಬರಬಾರದು. ಟ್ಯಾಂಕಿಗೆ ಅಂತಲೇ ಹೊಸ ಬಕೆಟ್ ಎರಡು ಇಟ್ಟು, ಬೇರೆ ಬಣ್ಣದ್ದು ತಂದರೆ ಮನೆಯವರಿಗೂ ಗುರುತು ಸಿಗುತ್ತದೆ. ಔಷಧಿ ಹೊಡೆದು ಬಂದ ದಿನ ಟ್ಯಾಂಕಿನ ಕೆಲಸ ಬೇರೆಯವರು ಮಾಡಲಿ. ಮಳೆನೀರು ಹಿಡಿದು ಬಳಸುವ ಯೋಚನೆ ಮೂಡಿಗೆರೆ, ಸಕಲೇಶಪುರದವರಿಗೆ ಬಂದೇ ಬರುತ್ತದೆ. ಅಷ್ಟು ಮಳೆ ಇದೆಯಲ್ಲ! ಆದರೆ ಮಾಡಿನ ಮೇಲೆ ಔಷಧಿಯ ತುಂತುರು ಬಿದ್ದಿರುತ್ತದೆ, ತಗಡಿನ ಶೀಟಾದರೆ ಸತುವೂ ಇಳಿಯುತ್ತದೆ. ಸತುವೂ ಈ ಪ್ರಾಣಿಗಳಿಗೆ ಆಗದು. ಮಳೆನೀರನ್ನೂ ಆರ್‌ಒ, ಡಿಐ ಹಾಯಿಸದೆ ಹಾಕಬೇಡಿ. ಟಿಡಿಎಸ್ ಮೀಟರ್ ನಂಬಿ ಕೂರಬೇಡಿ. ಅದು ಒಟ್ಟು ಕರಗಿದ್ದನ್ನು ತೋರಿಸುತ್ತದೆಯೇ ಹೊರತು ತಾಮ್ರ ಎಷ್ಟು ಅಂತ ಹೇಳುವುದಿಲ್ಲ. ತಾಮ್ರಕ್ಕೆ ಬೇರೆ ಟೆಸ್ಟ್ ಕಿಟ್ ಇದೆ. ತೋಟದ ಮನೆಯವರು ಅದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ನೀರು ಸಿದ್ಧವಾಯಿತು ಅಂತ ಪ್ರಾಣಿ ತರುವ ಹಾಗಿಲ್ಲ. ತಿಂದುಳಿದದ್ದು, ಹಿಕ್ಕೆ ಕೊಳೆತರೆ ಅಮೋನಿಯಾ ಆಗುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದು ಸ್ವಲ್ಪ ಇದ್ದರೆ ತೊಂದರೆಯಿಲ್ಲ. ಈ ಬ್ಯಾಕ್ಟೀರಿಯಾ ಕಲ್ಲು, ಮರಳು, ಫಿಲ್ಟರಿನಲ್ಲಿ ಹುಟ್ಟಿ ಬೆಳೆಯಲು 4ರಿಂದ 6 ವಾರ ಬೇಕು. ಚಳಿಯಲ್ಲಿ ಇನ್ನೂ ನಿಧಾನ. ಖಾಲಿ ಟ್ಯಾಂಕಿಗೆ ಒಂದು ಸಣ್ಣ ತುಂಡು ಸೀಗಡಿ ಹಾಕಿ ಕೊಳೆಯಲು ಬಿಡಿ, ಹೀಟರ್, ಪಂಪ್ ನಡೆಯುತ್ತಿರಲಿ. ಚೆನ್ನಾಗಿ ನಡೆಯುತ್ತಿರುವ ಸಮುದ್ರದ ಟ್ಯಾಂಕಿನಿಂದ ಒಂದು ಹಿಡಿ ಮರಳೋ ಫಿಲ್ಟರ್ ಸ್ಪಂಜೋ ಸಿಕ್ಕರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ, ಬೇಗ ಕೂಡುತ್ತದೆ. ಅಲ್ಲಿ ಯಾವತ್ತೂ ತಾಮ್ರದ ಔಷಧಿ ಹಾಕಿಲ್ಲ ಅಂತ ಮೊದಲೇ ಕೇಳಿಕೊಳ್ಳಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂಗಿಂತ ಕೆಳಗೆ ಬಂದು ಒಂದು ವಾರ ಹಾಗೇ ನಿಂತ ಮೇಲೆ ಪ್ರಾಣಿಯ ಯೋಚನೆ ಮಾಡಿ. ಆಮೇಲೆ ಹದಿನೈದು ದಿನಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿ. ದೊಡ್ಡ ಟ್ಯಾಂಕಿಗೆ ಕೊಳೆಯನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇದ್ದರೆ ಒಳ್ಳೆಯದು, ಚಿಕ್ಕದಕ್ಕೆ ಗಾಜಿಗೆ ನೇತುಹಾಕುವ ಫಿಲ್ಟರ್ ಸಾಕು.

ಚಳಿ ಮತ್ತು ಕರೆಂಟು

ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ತುಸು ಕಡಿಮೆ ಎತ್ತರದಲ್ಲಿದೆ, ಚಿಕ್ಕಮಗಳೂರು ತುಸು ಜಾಸ್ತಿ. ಡಿಸೆಂಬರ್, ಜನವರಿಯ ರಾತ್ರಿ 14-15 ಡಿಗ್ರಿಗೆ ಇಳಿಯುತ್ತದೆ. ಮ್ಯಾಂಟಿಸ್‌ಗೆ ಬೇಕಾದದ್ದು 24ರಿಂದ 26 ಡಿಗ್ರಿ. ಕರಾವಳಿಯವರಿಗೆ ನೀರು ತಂಪು ಮಾಡುವ ಚಿಂತೆ, ನಮಗೆ ಬೆಚ್ಚಗಿಡುವ ಚಿಂತೆ. 150 ಲೀಟರಿಗೆ 200 ವ್ಯಾಟಿನ ಹೀಟರ್ ಬೇಕು. ಅದನ್ನು ಮ್ಯಾಂಟಿಸ್ ಇರುವ ಕಡೆ ಇಡಬೇಡಿ! ಗಾಜಿನ ಕೊಳವೆಗೆ ಒಂದು ಗುದ್ದು ಬಿದ್ದರೆ ಕರೆಂಟು ನೇರ ನೀರಿಗೆ. ಕೆಳಗೆ ಸಂಪ್ ಟ್ಯಾಂಕ್ (ನೀರು ಸುತ್ತಿ ಬರುವ ಇನ್ನೊಂದು ತೊಟ್ಟಿ) ಇದ್ದರೆ ಅಲ್ಲಿಡಿ, ಇಲ್ಲದಿದ್ದರೆ ತೂತು ಕೊರೆದ ದಪ್ಪ ಪಿವಿಸಿ ಪೈಪಿನೊಳಗೆ ಇಳಿಸಿ. ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದ ಲೈನಿನಿಂದ ಟ್ಯಾಂಕಿಗೆ ಕರೆಂಟು ಕೊಡಬೇಡಿ. ಉಪ್ಪುನೀರು ಸಿಹಿನೀರಿಗಿಂತ ಬಹಳ ಚೆನ್ನಾಗಿ ಕರೆಂಟು ಹರಿಸುತ್ತದೆ.

ಎತ್ತರದಿಂದ ಇನ್ನೊಂದು ವ್ಯತ್ಯಾಸವಿದೆ. ಇಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಆದ್ದರಿಂದ ನೀರಿನಲ್ಲಿ ಕರಗುವ ಆಮ್ಲಜನಕವೂ ಅಷ್ಟು ಕಡಿಮೆ. ಉಪ್ಪುನೀರು ಮೊದಲೇ ಸಿಹಿನೀರಿಗಿಂತ ಕಡಿಮೆ ಹಿಡಿಯುತ್ತದೆ. ಹೆದರುವಂಥದ್ದೇನಲ್ಲ. ಪಂಪಿನ ಬಾಯಿ ಮೇಲಕ್ಕೆ ತಿರುಗಿಸಿ ನೀರಿನ ಮೇಲ್ಮೈ ಸದಾ ಕದಡುವಂತೆ ಮಾಡಿದರೆ ಸಾಕು. ಆದರೆ ಕರೆಂಟ್ ಹೋಗಿ ಪಂಪ್ ನಿಂತಾಗ ನಮಗೆ ಸಿಗುವ ಸಮಯ ಅಷ್ಟು ಕಡಿಮೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಕರೆಂಟಿನ ಪಾಡು ಹೇಳಬೇಕಿಲ್ಲ. ಮರ ಬಿದ್ದರೆ ಎರಡು ದಿನ, ಕಂಬ ಮುರಿದರೆ ನಾಲ್ಕು ದಿನ. ಇನ್ವರ್ಟರ್ ಇಲ್ಲದ ಮನೆಯವರು ಈ ಪ್ರಾಣಿ ತರಬಾರದು ಅಂತಲೇ ನನ್ನ ಅಭಿಪ್ರಾಯ. 150 ಆಂಪ್ ಅವರ್ ಬ್ಯಾಟರಿಯಲ್ಲಿ ಅರ್ಧದಷ್ಟು ಬಳಸಿದರೂ 15 ವ್ಯಾಟಿನ ಪಂಪ್ ಎರಡು ದಿನ ಓಡುತ್ತದೆ. ಅದೇ ಬ್ಯಾಟರಿಗೆ 200 ವ್ಯಾಟಿನ ಹೀಟರ್ ಕೊಟ್ಟರೆ ನಾಲ್ಕೈದು ಗಂಟೆಯಲ್ಲಿ ಖಾಲಿ. ಆದ್ದರಿಂದ ಇನ್ವರ್ಟರ್ ಲೈನಿಗೆ ಪಂಪ್ ಮಾತ್ರ ಹಾಕಿ. ಬಿಸಿ ಉಳಿಸಲು ಟ್ಯಾಂಕಿಗೆ ಕಂಬಳಿ ಸುತ್ತಿ. ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿದು, ಸಂಪಿನಲ್ಲೋ ಟ್ಯಾಂಕಿನ ಮೇಲ್ಭಾಗದಲ್ಲೋ ತೇಲಿಬಿಡಿ. ಬ್ಯಾಟರಿಯಲ್ಲಿ ಓಡುವ ಗಾಳಿಪಂಪ್ ಒಂದು ಯಾವಾಗಲೂ ಕೈಗೆ ಸಿಗುವ ಕಡೆ ಇರಲಿ.

ತರುವುದು, ತಿನ್ನಿಸುವುದು

ಇದೇ ಕಾರಣಕ್ಕೆ ಪ್ರಾಣಿ ತರಲು ಅಕ್ಟೋಬರ್ ಅಥವಾ ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಯಾವಾಗ ಬಂದ್ ಆಗುತ್ತದೋ ಗೊತ್ತಿಲ್ಲ, ದಾರಿಯಲ್ಲಿ ಪ್ರಾಣಿ ಸಿಕ್ಕಿಹಾಕಿಕೊಳ್ಳಬಾರದು. ಬೆಂಗಳೂರಿನಿಂದ ತಂದರೂ ಥರ್ಮೋಕೋಲ್ ಪೆಟ್ಟಿಗೆಯಲ್ಲೇ ತನ್ನಿ. ಕೊಳ್ಳುವಾಗ ಎರಡೂ ಮುಂಗಾಲು ಇವೆಯೇ, ಮೈಮೇಲೆ ಕಂದು ಕಲೆ ಇದೆಯೇ ನೋಡಿ. ಎದುರಿಗೇ ಒಂದು ತುತ್ತು ತಿನ್ನಿಸಿ ತೋರಿಸಲು ಹೇಳಿ. ಅಂಗಡಿಯ ನೀರಿನ ಸಾಂದ್ರತೆಯನ್ನೂ ಕೇಳಿ, ಎಷ್ಟೋ ಕಡೆ 1.020ರಷ್ಟು ಕಡಿಮೆ ಇಟ್ಟಿರುತ್ತಾರೆ. ಮನೆಗೆ ತಂದ ಮೇಲೆ ತೆಳು ನಳಿಕೆಯಲ್ಲಿ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಟ್ಟು, ಒಂದೆರಡು ಗಂಟೆಯಲ್ಲಿ ಹೊಂದಿಸಿ. ಚೀಲದ ನೀರು ಟ್ಯಾಂಕಿಗೆ ಬೀಳಬಾರದು. ಮೊದಲ ಕೆಲವು ದಿನ ಅದು ಮುಖ ತೋರಿಸದಿದ್ದರೆ ಬೇಸರ ಬೇಡ.

ಊಟಕ್ಕೆ ನಮಗೆ ಕೊರತೆಯಿಲ್ಲ. ಮಂಗಳೂರಿನ ಮೀನು ಐಸ್ ಪೆಟ್ಟಿಗೆಯಲ್ಲಿ ಬೆಳಗಾಗುವಷ್ಟರಲ್ಲಿ ನಮ್ಮ ಮಾರ್ಕೆಟ್ಟಿಗೆ ಬಂದಿರುತ್ತದೆ. ಸಿಪ್ಪೆ ಸಮೇತ ಸೀಗಡಿ, ಬೊಂಡಾಸ್ (ಸ್ಕ್ವಿಡ್), ಸಣ್ಣ ಸಮುದ್ರ ಏಡಿ, ಚಿಪ್ಪು. ತಾಜಾ ನೋಡಿ ತಂದು, ತೊಳೆದು, ಸಣ್ಣ ತುಂಡು ಮಾಡಿ ಫ್ರೀಜರಿನಲ್ಲಿಡಿ. ಉಪ್ಪು, ಅರಿಶಿನ ತಾಗಿರಬಾರದು. ವಾರಕ್ಕೆ ಎರಡು ಮೂರು ಸಲ, ಅದರ ತಲೆಯಷ್ಟು ದೊಡ್ಡ ತುಂಡು ಸಾಕು. ಆಗಾಗ ಚಿಪ್ಪಿರುವ ಊಟ ಕೊಡಿ. ಒಡೆಯುವುದು ಅದರ ಸ್ವಭಾವ. ಗದ್ದೆಯ ಏಡಿ, ಬಸವನಹುಳು ಬೇಡ. ಅವುಗಳ ಮೈಯಲ್ಲಿ ಯಾವ ಔಷಧಿ ಸೇರಿದೆಯೋ ಯಾರು ಬಲ್ಲರು. ಊಟವನ್ನು ಉದ್ದ ಬಿದಿರುಕಡ್ಡಿಗೆ ಚುಚ್ಚಿ ಕೊಡಿ, ಬೆರಳಲ್ಲಿ ಬೇಡ. ಬೆರಳು ಸೀಳುತ್ತದೆ ಅಂತ ಬೆಸ್ತರಲ್ಲಿ ಇದಕ್ಕೆ ಹಳೆಯ ಕುಖ್ಯಾತಿ ಇದೆ.

ಕಡ್ಡಿ ಹತ್ತಿರ ಬಂದಾಗ ಅದರ ಕಣ್ಣು ನೋಡಿ. ಎರಡು ಕಣ್ಣೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶ 3 ಬಗೆ, ಇದರಲ್ಲಿ 12. ಆದರೆ 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹತ್ತಿರ ಹತ್ತಿರದ ಎರಡು ಬಣ್ಣಗಳ ವ್ಯತ್ಯಾಸ ಹೇಳುವುದರಲ್ಲಿ ಇದು ನಮಗಿಂತ ಹಿಂದೆ ಅಂತ ಗೊತ್ತಾಯಿತು. ಬಣ್ಣಗಳನ್ನು ಹೋಲಿಸಿ ನೋಡದೆ, ಕಂಡ ತಕ್ಷಣ ಇದು ಇಂಥದ್ದು ಎಂದು ಗುರುತಿಸುವ ಕಣ್ಣು ಅದು ಎಂದು ಸಂಶೋಧಕರು ಹೇಳುತ್ತಾರೆ. ಗಾಜಿನ ಹೊರಗೆ ನೀವು ನಡೆದರೂ ಅದು ನಿಮ್ಮನ್ನೇ ಹಿಂಬಾಲಿಸಿ ನೋಡುತ್ತದೆ. ಸಾಕಿದವರು ಸೋಲುವುದು ಆ ನೋಟಕ್ಕೇ.

ಪೊರೆ ಬಿಡುವ ದಿನಗಳು

ಗದ್ದೆ ಏಡಿ ಪೊರೆ ಬಿಟ್ಟು ಮೆತ್ತಗಾಗುವುದನ್ನು ಮಲೆನಾಡಿನವರು ನೋಡಿರುತ್ತಾರೆ. ಮ್ಯಾಂಟಿಸ್ ಕೂಡ ಹಾಗೇ. ದೊಡ್ಡದಾದರೆ ಕೆಲವು ತಿಂಗಳಿಗೊಮ್ಮೆ, ಮರಿಯಾದರೆ ಇನ್ನೂ ಬೇಗ. ಮೊದಲು ಊಟ ಬಿಡುತ್ತದೆ. ಬಣ್ಣ ಮಂಕಾಗುತ್ತದೆ. ಆಮೇಲೆ ಚೂರುಕಲ್ಲು, ಮರಳು ತಂದು ಬಿಲದ ಎರಡೂ ಬಾಯಿ ಮುಚ್ಚಿಕೊಳ್ಳುತ್ತದೆ. ಹೊಸಬರು ಇಲ್ಲಿ ಗಾಬರಿ ಬೀಳುತ್ತಾರೆ. ಸತ್ತೇಹೋಯಿತು ಅಂತ ಬಿಲ ಅಗೆದು ನೋಡುತ್ತಾರೆ. ಆಗ ಅದರ ಮೈ ಮೆತ್ತಗಿರುತ್ತದೆ, ಹೊಸ ಗುಬ್ಬಟೆ ಗಟ್ಟಿಯಾಗಿರುವುದಿಲ್ಲ, ಗುದ್ದಲು ಆಗುವುದಿಲ್ಲ. ಅಂಥ ಹೊತ್ತಲ್ಲೂ ಕೆಲವು ಬಿಲದ ಬಾಯಿಗೆ ಬಂದು ಮುಂಗಾಲು ಅಗಲಿಸಿ ಹೆದರಿಸುತ್ತವೆ. ಮೈಯಲ್ಲಿ ಬಲವಿಲ್ಲದೆ ಬರೀ ಗದರಿಕೆಯಿಂದ ಎದುರಾಳಿಯನ್ನು ಓಡಿಸುವ ಈ ವರ್ತನೆಯನ್ನು ಸ್ಟೀಗರ್ ಮತ್ತು ಕಾಲ್ಡ್‌ವೆಲ್ 1983ರಲ್ಲಿ ದಾಖಲಿಸಿದರು. ಗದರಿತು ಅಂದ ಮಾತ್ರಕ್ಕೆ ಆರೋಗ್ಯವಾಗಿದೆ ಅಂತ ಊಟದ ಕಡ್ಡಿಯಿಂದ ಕೆಣಕಬೇಡಿ.

ಈ ದಿನಗಳಲ್ಲಿ ನೀರು ಬದಲಿಸಬೇಡಿ, ಕಲ್ಲು ಸರಿಸಬೇಡಿ, ಉಪ್ಪಿನ ಸಾಂದ್ರತೆ ಒಂದೇ ಮಟ್ಟದಲ್ಲಿರಲಿ. ಕಳಚಿದ ಪೊರೆ ಹೊರಗೆ ಬಿದ್ದರೆ ಒಂದೆರಡು ದಿನ ಹಾಗೇ ಬಿಡಿ, ಕೆಲವು ಅದನ್ನೇ ತಿನ್ನುತ್ತವೆ. ಪೊರೆಗೆ ಸಹಾಯವಾಗಲಿ ಅಂತ ಐಯೋಡಿನ್ ಹನಿ ಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಒಳ್ಳೆಯ ಉಪ್ಪು ಬಳಸಿ ನೀರು ಬದಲಿಸುತ್ತಾ ಇದ್ದರೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಅಳೆಯದೆ ಯಾವುದನ್ನೂ ಹಾಕಬೇಡಿ. ಒಂದು ಕಾಲು ಮುರಿದಿದ್ದರೆ ಮುಂದಿನ ಒಂದೆರಡು ಪೊರೆಯಲ್ಲಿ ಅದು ಮತ್ತೆ ಬರುತ್ತದೆ.

ಬಾಗಿಲು ತೆರೆದ ಮೇಲೂ ಮೂರು ನಾಲ್ಕು ದಿನ ಬಿಟ್ಟು, ಮೆತ್ತನೆಯ ಸೀಗಡಿ ತುಂಡಿನಿಂದ ಶುರು ಮಾಡಿ. ಚಿಪ್ಪಿನ ಊಟ ಆಮೇಲೆ. ಎರಡು ವಾರ ದಾಟಿದರೂ ಬಿಲ ಮುಚ್ಚೇ ಇದ್ದರೆ ಅಗೆಯುವ ಬದಲು ಅಮೋನಿಯಾ ಟೆಸ್ಟ್ ಮಾಡಿ. ಸೊನ್ನೆ ಇದ್ದರೆ ಒಳಗಿನ ಜೀವ ಬಹುತೇಕ ಚೆನ್ನಾಗಿಯೇ ಇದೆ, ಕಾಯಿರಿ. ದಿನಾ ಏರುತ್ತಿದ್ದರೆ, ಕೊಳೆತ ವಾಸನೆ ಬಂದರೆ, ಆಗ ಮಾತ್ರ ಕಲ್ಲು ಎತ್ತಿ ನೋಡಿ.